ಹಿಟ್ಟಕ್ಕನ ಕೈಗವಸು

ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ನಾದುವ ಹಿಟ್ಟಕ್ಕ ಬೇರೆ ಜನಾಂಗದವಳು. ಅವಳ ಕಪ್ಪು ಕೈ ಕಂಡರೆ ಗಿರಾಕಿಗಳು ಓಡಿಹೋಗುತ್ತಾರೆಂದು ಮಾಲೀಕ ಅವಳೊಬ್ಬಳಿಗೇ ಮೊಣಕೈವರೆಗೆ ಬಟ್ಟೆಯ ಕೈಗವಸು ತೊಡಿಸಿದ್ದ. ಜನಾಂಗ ನೋಡಿ ಕೆಲಸಗಾರರಲ್ಲಿ ಭೇದ ಮಾಡಬಾರದೆಂಬ ಕಾನೂನಿನ ಹಾಳೆ ಉಗ್ರಾಣದ ಬಾಗಿಲ ಹಿಂದೆ ಮೂಟೆಗಳಿಗೆ ಉಪದೇಶ ಮಾಡುತ್ತಿತ್ತು.

ಯಾರೋ ದೂರು ಕೊಟ್ಟರು. ತಪಾಸಣೆಯ ದಿನ ಮಾಲೀಕ ಉಳಿದವರಿಗೂ ಕೈಗವಸು ಹಂಚಿ, ಹಿಟ್ಟಕ್ಕನ ಕಿವಿಯಲ್ಲಿ, “ಬಾಯಿ ಬಿಟ್ಟರೆ ನಾಳೆಯಿಂದ ಬರಬೇಡ” ಅಂದ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

“ಎಲ್ಲರಿಗೂ ಒಂದೇ ನಿಯಮಾನಾ?” ತಪಾಸಣೆಗೆ ಬಂದ ಅಧಿಕಾರಿ ಕೇಳಿದರು.

“ಹೂಂ ಮೇಡಂ, ಭೇದಭಾವ ನಮ್ಮ ಜಾಯಮಾನದಲ್ಲೇ ಇಲ್ಲ.” ಮಾಲೀಕ ಹಲ್ಲು ಕಿರಿದ.

ಅಧಿಕಾರಿ ಮೇಜಿನ ಸುತ್ತ ನೋಡಿದರು. ಉಳಿದವರೆಲ್ಲರ ಕೈಗವಸಿನಲ್ಲೂ ಪ್ಯಾಕೆಟ್ಟಿನ ಮಡಿಕೆ ಹಾಗೇ ಇತ್ತು. ಹಿಟ್ಟಕ್ಕನದ್ದಕ್ಕೆ ಮಾತ್ರ ಬೆರಳಿಗೊಂದು ತೇಪೆ. ಅವಳಿಗೂ ಹೊಸದು ಕೊಡಬೇಕೆಂದು ಮಾಲೀಕನಿಗೆ ಹೊಳೆದೇ ಇರಲಿಲ್ಲ!

“ನೀವು ಎಷ್ಟು ದಿನದಿಂದ ಹಾಕ್ಕೊಳ್ತಿದ್ದೀರಮ್ಮಾ?”

ಮಾಲೀಕ ಕೆಮ್ಮಿದ. ಹಿಟ್ಟಕ್ಕ ಅವನತ್ತ ತಿರುಗದೆ ಹೇಳಿದಳು:

“ಹನ್ನೊಂದು ವರ್ಷ ಆಯ್ತು ಮೇಡಂ. ಇವರೆಲ್ಲ ಇವತ್ತು ಬೆಳಿಗ್ಗೆಯಿಂದ.”

ಅಧಿಕಾರಿ ಬರೆದುಕೊಂಡರು. ಹಿಟ್ಟಕ್ಕ ಗವಸು ಕಳಚಿ ಮೇಜಿನ ಮೇಲಿಟ್ಟಳು. ಬರಿಗೈಯಲ್ಲೇ ಹಿಟ್ಟು ನಾದತೊಡಗಿದಳು. ಅಧಿಕಾರಿ ಇನ್ನೇನು ಹೊರಟುಬಿಡುತ್ತಾರೆ, ಮಾಲೀಕ ಇಲ್ಲೇ ಇರುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು.