ಎರಡು ಪಾಳಿಯ ಗುಳಿಗೆ

ನನ್ನ ಗಂಡನಿಗೆ ಮಾನದ ಚಿಂತೆ ಬಹಳ. ಇಸ್ತ್ರಿ ಇಲ್ಲದ ಅಂಗಿ ತೊಟ್ಟು ಬನಹಟ್ಟಿಯ ಚಹಾದಂಗಡಿಗೂ ಹೋದವನಲ್ಲ. ಓಣಿಯಲ್ಲಿ ಯಾರ ಮನೆಯ ಜಗಳವಿರಲಿ, ಬುದ್ಧಿ ಹೇಳಲು ಇವನೇ ಮುಂದೆ. ನಮ್ಮಿಬ್ಬರಿಗೂ ಎಚ್ಐವಿ ಇದೆ ಎಂದು ಗೊತ್ತಾದ ದಿನ ಅವನು ಕೇಳಿದ್ದು ಬದುಕುತ್ತೇವೋ ಇಲ್ಲವೋ ಎಂದಲ್ಲ, ಔಷಧಕ್ಕೆ ಬಾಗಲಕೋಟೆಯ ಆಸ್ಪತ್ರೆಯಲ್ಲಿ ಎಲ್ಲರ ಜೊತೆ ಕೂಡಬೇಕೇನು ಎಂದು. ರೋಗವನ್ನು ಮನೆಗೆ ತರುವಾಗ ಈ ನಾಚಿಕೆ ಎಲ್ಲಿಗೆ ಹೋಗಿತ್ತೋ.

ಕಡೆಗೆ ಹೋಗಿ ಕೂತವಳು ನಾನೊಬ್ಬಳೇ. ತಿಂಗಳಿಗೊಮ್ಮೆ ಬಸ್ಸು ಹತ್ತಿ ನನ್ನ ಪಾಲಿನ ಗುಳಿಗೆ ತರುತ್ತಿದ್ದೆ, ಮುಂಜಾನೆ ಒಂದು, ಸಂಜೆ ಒಂದು ನುಂಗಬೇಕು. ಅವನು ಅಲ್ಲಿ ತನ್ನ ಹೆಸರನ್ನೇ ಹಚ್ಚಲಿಲ್ಲ. ರಬಕವಿಯ ನೂಲಿನ ವ್ಯಾಪಾರಿ ಯಾರಾದರೂ ಕಂಡರೆ ಮುಖ ಎಲ್ಲಿಡುವುದು! ನೇಕಾರರ ಮನೆಯಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಮಗ್ಗದಲ್ಲೇ ಸಿಗುತ್ತದೆ. ನಮ್ಮ ಪವರ್‌ಲೂಮನ್ನು ಮುಂಜಾನೆ ಅವನು, ಸಂಜೆ ನಾನು ನಡೆಸುತ್ತಿದ್ದೆವು. ಗುಳಿಗೆಯನ್ನೂ ಹಾಗೆಯೇ ಹಂಚಿದ.

"ಮುಂಜಾನಿ ಪಾಳಿ ನಂದು, ಸಂಜಿ ಪಾಳಿ ನಿಂದು. ಒಂದ ಮಗ್ಗದಾಗ ಇಬ್ಬರೂ ನೇಯಂಗಿಲ್ಲೇನು?"

ಅತ್ತೆಗೆ ಮಗನ ಜಾಣತನ ಕಂಡು ಹಿಗ್ಗೇ ಹಿಗ್ಗು. ಗಂಡ ಹೆಂಡತಿ ಹಂಚಿಕೊಂಡು ತಿನ್ನಬೇಕು, ಅದೇ ಸಂಸಾರ ಎಂದಳು.

ಮೊದಮೊದಲು ಇಬ್ಬರೂ ಮೈ ತುಂಬಿಕೊಂಡೆವು. ಡಾಕ್ಟರಿಗಿಂತ ತಾನೇ ಶಾಣ್ಯಾ ಎಂದು ಅಡುಗೆಮನೆಯಲ್ಲಿ ನನ್ನೆದುರು ಮೀಸೆ ತಿರುವುತ್ತಿದ್ದ. ಉತ್ತರನ ಪೌರುಷ ಒಲೆಯ ಮುಂದೆ. ಆಮೇಲೆ ನನಗೆ ಬಿಡದ ಜ್ವರ ಹಿಡಿಯಿತು, ಬಾಯಿ ತುಂಬ ಹುಣ್ಣಾಯಿತು. ಅವನದೂ ಅದೇ ಗತಿ.

ಗುಳಿಗೆ ತಪ್ಪಿಸಿದೆಯಾ ಎಂದು ಡಾಕ್ಟರಮ್ಮ ಕೇಳಿದಾಗ ಎಲ್ಲ ಹೇಳಿಬಿಟ್ಟೆ. ಅರ್ಧಮರ್ಧ ಔಷಧಕ್ಕೆ ವೈರಸ್ ಸಾಯುವುದಿಲ್ಲ, ಆ ಔಷಧವನ್ನೇ ತಡೆದುಕೊಳ್ಳಲು ಕಲಿಯುತ್ತದೆ, ಈಗ ಪೂರ್ತಿ ನುಂಗಿದರೂ ಇದು ನಾಟುವುದಿಲ್ಲ ಎಂದರು. ರಕ್ತವನ್ನು ಪರೀಕ್ಷೆಗೆ ಕಳಿಸಿ, ದೂರದ ದೊಡ್ಡ ಆಸ್ಪತ್ರೆಯಿಂದ ನನಗೆ ಎರಡನೇ ಹಂತದ ಔಷಧ ಕೊಡಿಸಿದರು. ಇದೂ ಕೆಟ್ಟರೆ ಕೊಡಲು ನಮ್ಮ ಹತ್ತಿರ ಬೇರೇನೂ ಇಲ್ಲ, ಗಂಡನನ್ನು ಕರೆದುಕೊಂಡೇ ಬಾ ಎಂದು ಕೈ ಹಿಡಿದು ಹೇಳಿದರು.

ಮನೆಗೆ ಬಂದು ಒಂದೂ ಬಿಡದೆ ತಿಳಿಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅವನು ಹೊಸ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ತಿರುವಿ ತಿರುವಿ ನೋಡಿದ.

"ಇವು ದೊಡ್ಡಾವು ಅದಾವು. ಮುರದರ ಇಬ್ಬರಿಗೂ ಸಾಕಾಗತಾವು."

ಕಸಿದುಕೊಂಡು ಅವನ ಮುಂದೆಯೇ ನುಂಗಿದೆ. ನೀನೂ ಬಾ, ನಿನಗೂ ಪುಕ್ಕಟೆ ಕೊಡುತ್ತಾರೆ ಎಂದು ಅಂದೂ ಹೇಳಿದೆ, ಮರುದಿನವೂ ಹೇಳಿದೆ, ಹೇಳುತ್ತಲೇ ಇದ್ದೆ. ಗುಳಿಗೆಯ ಡಬ್ಬಿಯನ್ನು ಮಾತ್ರ ಸೊಂಟದ ಚೀಲದಿಂದ ತೆಗೆಯಲಿಲ್ಲ. ನನಗೆ ಬದುಕಬೇಕಿತ್ತು. ಅವನು ದಿನದಿನಕ್ಕೂ ಸೊರಗಿದ. ಮೈ ತುಂಬಿ ಕಾಣಲೆಂದು ಅಂಗಿಯ ಮೇಲೆ ಅಂಗಿ ತೊಟ್ಟು, ಎರಡಕ್ಕೂ ಇಸ್ತ್ರಿ ಹಾಕಿಸಿ, ಚಹಾದಂಗಡಿಗೆ ಹೋಗುತ್ತಿದ್ದ. ಅಂಥವನ ಮೇಲೆ ಕನಿಕರ ಬಂದರೂ ಅಸಹ್ಯವೇ ಮುಂದಾಗುತ್ತಿತ್ತು. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ ಹಂಗಾಮಿನಲ್ಲಿ ಸತ್ತ. ಕಾಮಾಲೆ ಎಂದು ಅತ್ತೆ ಊರಿಗೆಲ್ಲ ಹೇಳಿದಳು.

ಮಾತಾಡಿಸಲು ಬಂದ ಹೆಂಗಸರು ಪಡಸಾಲೆ ತುಂಬ ಕೂತಿದ್ದರು. ಅವರ ನಡುವೆ ಅತ್ತೆ ಎದೆ ಬಡಿದುಕೊಂಡು ನನ್ನತ್ತ ಕೈ ಮಾಡಿದಳು.

"ಔಷಧದಾಗ ಅರ್ಧಾ ಕೊಟ್ಟಿದ್ದರ ನನ್ನ ಮಗಾ ಉಳೀತಿದ್ದ. ಈಕಿ ಕೊಡಲಿಲ್ಲ."

ಯಾವ ಔಷಧ ಎಂದು ಒಬ್ಬಳು ಕೇಳಿದಳು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎಲ್ಲರೂ ನನ್ನ ಮುಖ ನೋಡಿದರು. ಅವನು ಜೀವ ಕೊಟ್ಟು ಮುಚ್ಚಿಟ್ಟ ರೋಗದ ಹೆಸರನ್ನು ನಾನು ಗಟ್ಟಿಯಾಗಿ ಹೇಳಿದೆ, ನನಗೂ ಅದೇ ಇದೆ ಎಂದೂ ಹೇಳಿದೆ. ಸೊಂಟದಿಂದ ಡಬ್ಬಿ ತೆಗೆದೆ. ಯಾರೂ ನೀರು ಕೊಡಲು ಏಳಲಿಲ್ಲ. ನಾನೇ ಎದ್ದು ಹೋಗಿ ತಂಬಿಗೆ ತಂದು, ಅವರ ನಡುವೆ ಕೂತು ನುಂಗಿದೆ.