ಗುಳುಗುಳು ಮಾಮ ಪಂಪಿಗೆ ಕಿವಿಗೊಟ್ಟಿದ್ದು

ನನ್ನ ಅಮ್ಮನ ತಮ್ಮನನ್ನು ನಮ್ಮ ಬೀದಿಯ ಮಕ್ಕಳೆಲ್ಲ ಗುಳುಗುಳು ಮಾಮ ಎಂದೇ ಕರೆಯುತ್ತಿದ್ದರು. ಅವನದು ಅಲಂಕಾರದ ಮೀನುಗಳ ಅಂಗಡಿ. ರೈಲಿನ ಡಬ್ಬಿಯಂಥ ಉದ್ದನೆಯ ಒಂದೇ ಕೋಣೆ, ಎರಡೂ ಗೋಡೆಗಳ ಉದ್ದಕ್ಕೆ ಮೂವತ್ತೆರಡು ಗಾಜಿನ ತೊಟ್ಟಿ, ಒಂದೊಂದಕ್ಕೂ ಒಂದು ಪುಟ್ಟ ಪಂಪು. ಒಳಗೆ ಕಾಲಿಟ್ಟರೆ ಒದ್ದೆ ಮರಳಿನ ವಾಸನೆ, ಹಸಿರು ಬೆಳಕು, ಎಲ್ಲ ಕಡೆಯಿಂದಲೂ ಗುಳುಗುಳು. ಶಾಲೆ ಬಿಟ್ಟವಳೇ ನಾನು ಅಲ್ಲಿಗೆ ಓಡುತ್ತಿದ್ದೆ. ಅತ್ತೆ ತನ್ನ ಪಕ್ಕ ನನಗೊಂದು ಸ್ಟೂಲು ಹಾಕಿಡುತ್ತಿದ್ದಳು. ನಾನು ಮಗ್ಗಿ ಕಲಿತದ್ದು ಆ ಸ್ಟೂಲಿನ ಮೇಲೆ, ಚಿತ್ರ ಬರೆಯಲು ಶುರುಮಾಡಿದ್ದೂ ಅಲ್ಲೇ.

ಮಾಮ ಗಿರಾಕಿಗಳ ಜೊತೆ ಹರಟುತ್ತಿದ್ದರೂ ಕಿವಿ ಮಾತ್ರ ಪಂಪುಗಳ ಕಡೆಗೇ. ಮಾತಿನ ನಡುವೆ ತಟ್ಟನೆ ನಿಲ್ಲಿಸಿ, "ಹನ್ನೊಂದನೇದು ಕೆಮ್ತಾ ಇದೆ" ಎನ್ನುತ್ತಿದ್ದ. ಹೋಗಿ ನೋಡಿದರೆ ಹನ್ನೊಂದನೆಯದೇ. ಬಿದಿರಿನ ಕಡ್ಡಿಯ ಒಂದು ತುದಿಯನ್ನು ಪಂಪಿಗೆ, ಇನ್ನೊಂದನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದ. "ಗೊಳಗೊಳ ಅಂದ್ರೆ ಒಳಗೆ ಗಾಳಿ ಸಿಕ್ಕೊಂಡಿದೆ ಪುಟ್ಟಿ. ಗುಂಯ್ ಅಂದ್ರೆ ಎಲ್ಲೋ ಮೈ ತಾಗ್ತಿದೆ. ಗರಗರ ಅಂದ್ರೆ ಒಳಗಿನ ಚಕ್ರದ ಅಚ್ಚು ಸವೆದಿದೆ, ಅದರ ಕಥೆ ಮುಗೀತು."

"ಇವರಿಗೆ ಮನುಷ್ಯರ ನಾಡಿಗಿಂತ ಪಂಪಿನ ನಾಡಿ ಚೆನ್ನಾಗಿ ಸಿಗುತ್ತೆ" ಎಂದು ಅತ್ತೆ ಛೇಡಿಸುತ್ತಿದ್ದಳು.

ಒಂದು ಮಧ್ಯಾಹ್ನ ಕರೆಂಟು ಹೋದದ್ದು ಎಷ್ಟು ಹೊತ್ತಾದರೂ ಬರಲಿಲ್ಲ. ಪಂಪು ನಿಂತರೆ ಮೀನುಗಳಿಗೆ ಉಸಿರು ಕಟ್ಟುತ್ತದೆ. ಮಾಮ, ಅತ್ತೆ, ನಾನು ಮಗ್ಗುಗಳಲ್ಲಿ ನೀರು ಮೊಗೆದು ಮೇಲಿನಿಂದ ತೊಟ್ಟಿಗೇ ಸುರಿಯತೊಡಗಿದೆವು. ಮೂವರ ಕೈ ಸಾಲದು. ಪಕ್ಕದ ದರ್ಜಿ ಬಂದ, ಎದುರಿನ ಬೀಗ ರಿಪೇರಿಯವನು ಬಂದ, ಮೀನು ಕೊಳ್ಳಲು ಬಂದಿದ್ದ ಟೀಚರೊಬ್ಬರು ಅಂಗಿಯ ತೋಳು ಮಡಚಿ ಮಗ್ಗು ಹಿಡಿದೇಬಿಟ್ಟರು. ಕೊನೆಗೂ ಕರೆಂಟು ಬಂದು ಎಲ್ಲ ಪಂಪುಗಳೂ ಒಟ್ಟಿಗೆ ಗುಳುಗುಳು ಎಂದಾಗ ದರ್ಜಿ ಮಗ್ಗು ಎತ್ತಿ ಹೋ ಎಂದು ಕೂಗಿದ. ಆಮೇಲೆ ನಾನು ಕಂಡ ಎಷ್ಟೋ ಸಂಭ್ರಮಗಳು ಆ ಮಧ್ಯಾಹ್ನದ ಮುಂದೆ ಸಪ್ಪೆ.

ಎಷ್ಟೋ ವರ್ಷಗಳ ನಂತರ ಅತ್ತೆ ತೀರಿಕೊಂಡಳು. ಮಾಮ ಇನ್ನೆರಡು ವರ್ಷ ಹೇಗೋ ಅಂಗಡಿ ನಡೆಸಿದ. ಕಟ್ಟಡ ಕೆಡವುತ್ತೇವೆ ಎಂದು ಮಾಲೀಕರು ಹೇಳಿದಾಗ ಅಂಗಡಿ ಖಾಲಿ ಮಾಡಿದ. ತೊಟ್ಟಿಗಳನ್ನು ಶಾಲೆಗೊಂದು, ಆಸ್ಪತ್ರೆಗೊಂದು ಎಂದು ಹಂಚಿ, ತನ್ನ ಅಕ್ಕನ, ಅಂದರೆ ನನ್ನ ಅಮ್ಮನ, ಮನೆಯ ಮುಂದಿನ ಕೋಣೆಗೆ ಬಂದು ಸೇರಿಕೊಂಡ.

ಈಗ ಹೇಳುವುದು ಹೋದ ವರ್ಷದ ಮಾತು. ನಾನೀಗ ಅಮ್ಮನ ಮನೆಯಿಂದ ಎರಡು ಬೀದಿಯಾಚೆ ಇರುವವಳು, ಕಂಪ್ಯೂಟರಿನಲ್ಲಿ ಕಟ್ಟಡಗಳ ಚಿತ್ರ ಬಿಡಿಸುವವಳು. ಆ ಕೆಲಸಕ್ಕೆ ಯಂತ್ರ ಬಹಳ ಕಾಯುತ್ತದೆ. ಅದನ್ನು ತಣ್ಣಗಿಡಲು ಪೆಟ್ಟಿಗೆಯೊಳಗೇ ಕೊಳವೆಗಳಲ್ಲಿ ನೀರು ಸುತ್ತುತ್ತಿರುತ್ತದೆ, ನೀರು ತಳ್ಳಲು ಒಂದು ಸಣ್ಣ ಪಂಪು. ಆ ಪಂಪು ಗೊಳಗೊಳ ಗಲಾಟೆ ಶುರುಮಾಡಿತು. ರಿಪೇರಿಯವನಿಗೆ ಫೋನು ಮಾಡಿದರೆ, "ಪಂಪು ಹೋಗಿದೆ ಮೇಡಂ, ಬದಲಾಯಿಸ್ಬಿಡಿ" ಎಂದ.

ನನ್ನ ಮನೆಗೆ ಬಂದು ಚಹಾ ಕುಡಿಯುತ್ತ ಕೂತಿದ್ದ ಮಾಮನಿಗೆ ರೇಗಿತು. "ನೋಡ್ದೇನೇ ಹೋಗಿದೆ ಅಂದ್ಬಿಟ್ನಾ? ಒಂದು ಕಡ್ಡಿ ಕೊಡು."

ಕಡ್ಡಿ ಎಲ್ಲಿಂದ ತರಲಿ? ಮರದ ಸೌಟು ಕೊಟ್ಟೆ.

"ಮೊದ್ಲು ಪೆಟ್ಟಿಗೆ ಒಳಗಿನ ಫ್ಯಾನ್ ನಿಲ್ಸು." ಅರೆಕ್ಷಣ ನಿಲ್ಲಿಸಿದೆ. ಸದ್ದು ಹಾಗೇ ಇತ್ತು. "ಹಾಗಾದ್ರೆ ಪಂಪೇ. ಯಾವಾಗಿಂದ?"

"ಮೂರು ದಿನದಿಂದ."

"ಅವತ್ತು ಏನ್ ಮಾಡ್ದೆ?"

"ಧೂಳು ಒರ್ಸೋಕೆ ಪೆಟ್ಟಿಗೆ ಅಡ್ಡ ಮಲಗ್ಸಿದ್ದೆ."

"ಮತ್ತೆ! ನೀರಿನ ಡಬ್ಬಿ ನೋಡು, ಅರ್ಧಕ್ಕಿಳಿದಿದೆ. ಮಲಗ್ಸಿದಾಗ ಗಾಳಿ ಎಳ್ಕೊಂಡಿದೆ."

ಯಂತ್ರ ಆರಿಸಿ, ಡಿಸ್ಟಿಲ್ಡ್ ವಾಟರ್ ತಂದು ತುಂಬಿಸಿದೆವು. ಮಾಮ ಪೆಟ್ಟಿಗೆಯನ್ನು ಮಗು ತೂಗಿದ ಹಾಗೆ ಎಡಕ್ಕೆ, ಬಲಕ್ಕೆ ವಾಲಿಸುತ್ತ ಪಂಪನ್ನು ಹಚ್ಚಿಸಿದ, ಆರಿಸಿದ, ಮತ್ತೆ ಹಚ್ಚಿಸಿದ. ಕೊಳವೆಯಿಂದ ಗುಳ್ಳೆಗಳು ಸಾಲುಗಟ್ಟಿ ಹೊರಬಂದವು. ಗೊಳಗೊಳ ನಿಂತಿತು. "ಆಯ್ತಲ್ಲ!" ಎಂದು ಕೈ ಒರೆಸಿಕೊಂಡ.

ಆಗಿರಲಿಲ್ಲ. "ಮಾಮ, ಇನ್ನೂ ಏನೋ ಸಣ್ಣಗೆ ಕೇಳ್ತಿದೆ" ಎಂದೆ.

ಅವನು ಸೌಟನ್ನು ಬಲಗಿವಿಗಿಟ್ಟ. ಎಡಗಿವಿಗಿಟ್ಟ. ಕಣ್ಣು ಮುಚ್ಚಿದ. "ಏನೂ ಇಲ್ವಲ್ಲೇ" ಎಂದು ನನ್ನ ಮುಖ ನೋಡಿದವನಿಗೆ ವಿಷಯ ಹೊಳೆದಿರಬೇಕು, ಮುಖ ಇಳಿದುಹೋಯಿತು. ಸುಮ್ಮನೆ ಇರಬಾರದಿತ್ತೇ ಎಂದು ನಾಲಿಗೆ ಕಚ್ಚಿಕೊಂಡೆ. ಅವನು ಸೌಟನ್ನು ನನ್ನ ಕಡೆ ಚಾಚಿದ.

"ನನಗೆ ಕೇಳ್ತಿಲ್ಲ ಪುಟ್ಟಿ. ನೀನು ಕೇಳು. ಕೇಳಿದ್ದನ್ನ ಹಾಗ್ಹಾಗೇ ಹೇಳು."

ಕಿವಿಗಿಟ್ಟುಕೊಂಡೆ. "ಸಣ್ಣಗೆ ಗರಗರ... ಕಾಗದದ ಮೇಲೆ ಮರಳು ಉಜ್ಜಿದ ಹಾಗೆ."

"ಬಿಟ್ಟು ಬಿಟ್ಟು ಬರುತ್ತಾ?"

"ಇಲ್ಲ, ಒಂದೇ ಸಮ."

"ಪಂಪಿನ ವೇಗ ಇಳ್ಸು. ಈಗ?"

"ನಿಧಾನ ಆಯ್ತು. ನಿಂತಿಲ್ಲ."

ಮಾಮ ನಿಟ್ಟುಸಿರು ಬಿಟ್ಟ. "ಅಚ್ಚು ಸವೆದಿದೆ. ಆ ಪುಣ್ಯಾತ್ಮ ಹೇಳಿದ್ದೇ ಸರಿ. ಆದ್ರೂ ನೋಡಿ ಹೇಳ್ಬಹುದಿತ್ತು."

ಹೊಸ ಪಂಪು ಕೂರಿಸಿದ ದಿನ ಹಳೆಯದನ್ನು ಇಬ್ಬರೂ ಸೇರಿ ಬಿಚ್ಚಿದೆವು. ಒಳಗಿನ ಚಕ್ರ ಅಂಗಿಯ ಗುಂಡಿಯಷ್ಟೇ ದೊಡ್ಡದು. ಅದರ ಅಚ್ಚಿನ ಮೇಲೆ ಮಾಮ ಉಗುರಾಡಿಸಿ, ನನ್ನ ಬೆರಳನ್ನೂ ಹಿಡಿದು ಅಲ್ಲಿಟ್ಟ. ಕೂದಲೆಳೆಯಂಥ ಗೀರು ಸಿಕ್ಕಿತು. "ನೀನು ಸರಿಯಾಗಿ ಕೇಳಿದ್ದೆ" ಎಂದ. ಪರೀಕ್ಷೆಗಳಲ್ಲಿ ಎಷ್ಟು ಅಂಕ ಬಂದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಮರುವಾರ ಅವನೇ ಕೇಳಿದ, "ಕಿವಿ ಡಾಕ್ಟರ್ ಹತ್ರ ನನ್ ಜೊತೆ ಬರ್ತೀಯಾ?" ಹೋದೆವು. ಕಿವಿಗೆ ಯಂತ್ರ ಹಾಕಿಸಿಕೊಂಡು ಮನೆಗೆ ಬಂದವನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ.

"ಅಕ್ಕಾ, ಈ ನಲ್ಲಿ ಯಾವಾಗಿಂದ ತೊಟ್ಟಿಕ್ತಿದೆ?"

ಅಮ್ಮ ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು. "ನಾಲ್ಕು ವರ್ಷದಿಂದ ಬಡ್ಕೋತಾ ಇದೀನಲ್ಲೋ!"

ಮಾಮ ಸ್ಪ್ಯಾನರ್ ಹುಡುಕಲು ಹೋದ.