ಎಕ್ಸ್‌ರೇ ನಕ್ಷತ್ರ

ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಬಣ್ಣದ ಗುಂಡುಗಳನ್ನು ಅಂಗಡಿಯಲ್ಲಿ ಕೊಳ್ಳಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ. ಜಿಪುಣತನ ಅಂತ ಮನೆಯವರು ತಿಳಿದಿದ್ದಾರೆ. ಅವರು ಹಾಗೆಯೇ ತಿಳಿದಿರಲಿ ಅಂತ ನಾನೂ ಸುಮ್ಮನಿದ್ದೇನೆ. ಜಿಪುಣತನವನ್ನು ವಿವರಿಸುವುದು ಸುಲಭ, ಉಳಿದದ್ದು ಕಷ್ಟ.

ತೊಂಬತ್ತರ ದಶಕದಲ್ಲಿ ತುಮಕೂರಿನ ನಮ್ಮ ಬಾಡಿಗೆ ಮನೆಯಲ್ಲಿ ಮರವೆಂದರೆ ಸರ್ವೆ ಕೊಂಬೆ. ಕುಣಿಗಲ್ ಕಡೆ ಕೊತ್ತಗೆರೆ ಹತ್ತಿರ ಸ್ವಲ್ಪ ಜಮೀನಿದ್ದ ದೊಡ್ಡಪ್ಪ ಅದನ್ನು ಕಡಿದು ಬಸ್ಸಿನಲ್ಲಿ ತರುತ್ತಿದ್ದರು. ಸರ್ವೆ ಗಿಡವೂ ಯಾವುದೋ ದೇಶದಿಂದ ಸಮುದ್ರ ದಾಟಿ ಬಂದದ್ದು, ಕ್ರಿಸ್‌ಮಸ್ ಮರದ ಪದ್ಧತಿಯೂ ಹಿಮ ಬೀಳುವ ಇನ್ಯಾವುದೋ ದೇಶದ್ದು. ಎರಡು ಪರದೇಶಿಗಳೂ ನಮ್ಮ ಮನೆಯ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸಂಧಿಸುತ್ತಿದ್ದವು. ಹಿಮವನ್ನು ನಾವ್ಯಾರೂ ಕಂಡಿರಲಿಲ್ಲ, ಹಾಗಾಗಿ ಹತ್ತಿ ಅಂಟಿಸುತ್ತಿದ್ದೆವು. ಅಪ್ಪನಿಗೆ ಕೆಲಸ ಆಸ್ಪತ್ರೆಯಲ್ಲಿ, ಹತ್ತಿಯೂ ಆಸ್ಪತ್ರೆಯದೇ ಥರದ್ದು. ಅಲಂಕಾರ ಮುಗಿಯುವ ಹೊತ್ತಿಗೆ ಮರವು ಡಿಸ್ಚಾರ್ಜ್ ಆಗಿ ಮನೆಗೆ ಬಂದ ರೋಗಿಯಂತೆ ಕಾಣುತ್ತಿತ್ತು.

ಅಪ್ಪ ಎಕ್ಸ್‌ರೇ ತೆಗೆಯುವವರು. ರೋಗಿ ಅಲುಗಾಡಿ ಕೆಟ್ಟುಹೋದ ಫಿಲ್ಮುಗಳನ್ನು ಅಲ್ಲಿ ಎಸೆಯುತ್ತಿದ್ದರು, ಅಪ್ಪ ಅವನ್ನು ಕೇಳಿ ಮನೆಗೆ ತರುತ್ತಿದ್ದರು. ಸೂರ್ಯಗ್ರಹಣ ಬಂದಾಗ ಬೀದಿಯವರೆಲ್ಲ ನಮ್ಮ ಬಾಗಿಲಿಗೆ ಬಂದು ಒಂದೊಂದು ಫಿಲ್ಮು ಬೇಡಿದ್ದುಂಟು. ಯಾರದೋ ಮಂಡಿಚಿಪ್ಪಿನ ಮೂಲಕ ಸೂರ್ಯನನ್ನು ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು! ಕಣ್ಣಿಗೆ ಅದು ಒಳ್ಳೆಯದಲ್ಲವೆಂದು ಆಮೇಲೆ ತಿಳಿಯಿತು. ಉಳಿದ ಫಿಲ್ಮುಗಳನ್ನು ಅಮ್ಮ ಡಿಸೆಂಬರಿನಲ್ಲಿ ಬಿಸಿನೀರು, ಬಟ್ಟೆ ಸೋಡಾ ಹಾಕಿ ಉಜ್ಜುತ್ತಿದ್ದಳು. ಕಪ್ಪೆಲ್ಲ ಕರಗಿ ತಿಳಿನೀಲಿ ಹಾಳೆ ಉಳಿಯುತ್ತಿತ್ತು. ಅದನ್ನು ನಕ್ಷತ್ರವಾಗಿ ಕತ್ತರಿಸುವುದು ಅಮ್ಮ, ಅಂಚಿಗೆ ನೇಲ್ ಪಾಲಿಶ್ ಹಚ್ಚುವುದು ನಾನು, ಗೋಂದು ಮೈಗೆ ಬಳಿದುಕೊಳ್ಳುವುದು ತಂಗಿ ಶೀಲ. ಗುಬ್ಬಿಯ ತವರಿನಲ್ಲಿ ಕಲಿತಂತೆ ಅಮ್ಮ ಮೊಟ್ಟೆಗೆ ತೂತು ಮಾಡಿ, ಒಳಗಿನದನ್ನು ಊದಿ ತೆಗೆದು, ಚಿಪ್ಪಿಗೂ ಬಣ್ಣ ಹಚ್ಚುತ್ತಿದ್ದಳು. ಆ ವಾರವೆಲ್ಲ ನಮಗೆ ಆಮ್ಲೆಟ್ಟೇ ಊಟ.

ನಾನು ಹೈಸ್ಕೂಲಿನಲ್ಲಿದ್ದ ಒಂದು ವರ್ಷ ಅಮ್ಮನಿಗೆ ಕೆಮ್ಮು ಹಿಡಿಯಿತು. ಮಳೆಗಾಲ ಕಳೆದರೂ ಬಿಡಲಿಲ್ಲ. ಆಸ್ಪತ್ರೆಗೆ ಹೋದಾಗ ಎಲ್ಲರಿಗೂ ಹೇಳುವಂತೆ ಅಪ್ಪನೇ ಅವಳಿಗೆ "ಉಸಿರು ಬಿಗಿಹಿಡ್ಕೊ" ಅಂದಿದ್ದರಂತೆ. ಡಾರ್ಕ್ ರೂಮಿನಲ್ಲಿ ಒದ್ದೆ ಫಿಲ್ಮನ್ನು ಎತ್ತಿ ಹಿಡಿದು ನೋಡಿದವರೂ ಅಪ್ಪನೇ. ಡಾಕ್ಟರಿಗಿಂತ ಮೊದಲು ಅವರಿಗೆ ಗೊತ್ತಾಯಿತು. ಮನೆಗೆ ಬಂದು, ಕೈಕಾಲು ತೊಳೆದು, ಎಂದಿನಂತೆ ಊಟ ಮಾಡಿದರು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಓಡಾಟ ಶುರುವಾದ ಮೇಲೆ ನಮಗೂ ಅಷ್ಟಿಷ್ಟು ತಿಳಿಯಿತು.

ಡಿಸೆಂಬರು ಬಂದಾಗ ಅಮ್ಮ ಫಿಲ್ಮು ಕೇಳಿದಳು.

"ಈ ವರ್ಷ ಯಾವ್ದೂ ಕೆಟ್ಟಿಲ್ಲ," ಅಂದರು ಅಪ್ಪ.

ಅಮ್ಮ ಎದ್ದು ಹೋಗಿ ಬೀರುವಿನ ಮೇಲಿಂದ ತನ್ನದೇ ಕವರನ್ನು ಇಳಿಸಿದಳು. ಅಪ್ಪ ಗಾಬರಿಯಾದರು. "ಅದು ಬೇಡ. ಡಾಕ್ಟ್ರು ಕೇಳ್ತಾರೆ."

"ಅವ್ರು ಬೆಂಗ್ಳೂರಲ್ಲಿ ಇನ್ನೊಂದು ತೆಗ್ಸವ್ರಲ್ಲ. ಇದನ್ನ ಡಾಕ್ಟ್ರೂ ನೋಡಾಯ್ತು, ನೀವೂ ನೋಡಾಯ್ತು. ನಾನೊಬ್ಳೇ ಸರ್ಯಾಗಿ ನೋಡಿಲ್ಲ ಕಣ್ರೀ. ತೋರ್ಸಿ."

ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬಲಗಡೆಯ ಬಿಳಿ ಮಚ್ಚೆಯ ಮೇಲೆ ಅಮ್ಮ ಬೆರಳಿಟ್ಟಳು. "ಇದೇನಾ?"

"ಹೂಂ."

ಅಕ್ಕಿಯಲ್ಲಿ ಕಲ್ಲು ನೋಡುವಂತೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ "ನೀರು ಕಾಯ್ಸೇ" ಅಂದಳು.

ಉಜ್ಜಿದ್ದು ನಾನು. ಪಕ್ಕೆಲುಬು, ಹೃದಯದ ನೆರಳು, ಆ ಮಚ್ಚೆ ಎಲ್ಲವೂ ಮಸಿಯಂತೆ ಬಿಟ್ಟುಕೊಂಡು ಬಕೆಟ್ಟಿನ ತಳಕ್ಕೆ ಇಳಿದವು. ಕೊನೆಗೆ ಕೈಯಲ್ಲಿ ಸ್ವಚ್ಛ ನೀಲಿ ಹಾಳೆಯೊಂದೇ ಉಳಿಯಿತು. ಇನ್ನೂ ಚಿಕ್ಕವಳಾದ ಶೀಲ ಬಗ್ಗಿ ನೋಡಿ ಕೇಳಿದಳು:

"ಅಮ್ಮಾ, ಹೋಯ್ತಾ?"

"ಹೂಂ ಕಣೇ, ಹೋಯ್ತು," ಅಂದಳು ಅಮ್ಮ.

ಅಪ್ಪ ಎದ್ದು ಹಿತ್ತಲಿಗೆ ಹೋದರು. ಒಂದು ಕ್ಷಣ ನಾನೂ ಶೀಲಳ ವಯಸ್ಸಿನವಳೇ ಆಗಿ, ಹೋಗಿಯೇ ಬಿಟ್ಟಿತು ಅಂತ ನಂಬಿದೆ. ಆ ವರ್ಷದ ನಕ್ಷತ್ರಗಳನ್ನು ಅಮ್ಮ ಮಲಗಿಕೊಂಡೇ ಕತ್ತರಿಸಿದಳು. ನಡುನಡುವೆ ಕತ್ತರಿ ಕೆಳಗಿಟ್ಟು ಉಸಿರು ತೆಗೆದುಕೊಳ್ಳುತ್ತಿದ್ದಳು. ಈಸ್ಟರ್ ಬರುವ ಮೊದಲೇ ತೀರಿಕೊಂಡಳು.

ಮುಂದಿನ ಡಿಸೆಂಬರಿನಲ್ಲಿ ಹಬ್ಬದ ಮಾತನ್ನು ಯಾರೂ ಎತ್ತಲಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ ಅನ್ನುವುದು ಬೀದಿಯವರ ಪದ್ಧತಿ. ಬೇರೆ ವಿಷಯದಲ್ಲಿ ಅದನ್ನೆಲ್ಲ ಪಾಲಿಸದ ನಮಗೂ ಆ ವರ್ಷ ಅದೊಂದು ಅನುಕೂಲವಾಗಿ ಒದಗಿತ್ತು. ಆದರೆ ದೊಡ್ಡಪ್ಪ ಯಾರನ್ನೂ ಕೇಳದೆ ಕೊಂಬೆ ಹೊತ್ತು ಬಂದುಬಿಟ್ಟರು.

"ಬೇಡ ಅಣ್ಣಾ," ಅಂದರು ಅಪ್ಪ.

"ಏನ್ಲಾ ಬೇಡ? ಹಬ್ಬ ನಿನ್ ಮನೇದೇನ್ಲಾ? ಹುಟ್ಟಿದ್ದು ಅವ್ನು. ನೀನು ಬೇಡ ಅಂದ್ರೆ ಹುಟ್ಟೋದು ಬುಡ್ತಾನಾ?" ಕೊಂಬೆಯನ್ನು ಗೋಡೆಗೊರಗಿಸಿ, ಕಾಫಿ ಕುಡಿದು, ಅವರು ಬಸ್ಸು ಹಿಡಿಯಲು ಹೊರಟೇಹೋದರು.

ಹಳೆಯ ನಕ್ಷತ್ರಗಳಿದ್ದ ಡಬ್ಬಿಯನ್ನು ತೆಗೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಬೋಳು ಕೊಂಬೆಯ ಮುಂದೆ ಎರಡು ದಿನ ಓಡಾಡಿದ ಮೇಲೆ ಅಪ್ಪ ರಟ್ಟು, ಹತ್ತಿ, ಗೋಂದು ಹರಡಿಕೊಂಡು ಕುಳಿತರು. ಅದುವರೆಗೆ ಅವರು ಸಾಮಾನು ತಂದುಕೊಟ್ಟವರೇ ಹೊರತು ಏನನ್ನೂ ಮಾಡಿದವರಲ್ಲ. ಬೆಳಗಿನಿಂದ ಸಂಜೆಯವರೆಗೆ ಹೆಣಗಾಡಿ, ರೆಕ್ಕೆಗಳುಳ್ಳ ಏನನ್ನೋ ಮಾಡಿ ಕೊಂಬೆಯ ತುದಿಗೆ ಕಟ್ಟಿದರು.

"ಅಪ್ಪಾ, ಕೋಳಿನಾ?" ಕೇಳಿದಳು ಶೀಲ.

"ಕೋಳಿ ಅಲ್ಲ. ದೇವದೂತ," ಅಂದರು ಅಪ್ಪ. ಧ್ವನಿಯಲ್ಲಿ ನಿಜವಾದ ನೋವಿತ್ತು. ನಾನು ಶೀಲಳ ತೊಡೆ ಚಿವುಟಿದೆ. ಆದರೆ ಅದು ಕೋಳಿಯೇ. ಮೊಟ್ಟೆಗೆ ಕಾವು ಕೂತ ಕೋಳಿ.

ಅಷ್ಟರಲ್ಲಿ ಚರ್ಚಿನಿಂದ ಹಾಡುವವರ ಗುಂಪು ಬಂತು. ಸಾವಿನ ಮನೆಯೆಂದು ಹಿಂಜರಿಯುತ್ತಲೇ ಒಳಗೆ ಬಂದು, ಡೋಲಕ್ಕು ಬಾರಿಸದೆ, ತಗ್ಗಿದ ದನಿಯಲ್ಲಿ ಒಂದು ಹಾಡು ಹೇಳಿದರು. ಮುಗಿದ ಮೇಲೆ ಅವರಲ್ಲೊಬ್ಬ ಹೆಂಗಸು ಮೌನ ಮುರಿಯಲೆಂದು ಮರದ ಕಡೆ ನೋಡಿ, "ಚೆನ್ನಾಗಿದೆ ಅಣ್ಣಾ... ಮೇಲ್ಗಡೆ ಅದು ಕೋಳಿ ಅಲ್ವಾ?" ಅಂದುಬಿಟ್ಟರು.

ನಾನು ಉಸಿರು ಬಿಗಿಹಿಡಿದೆ. ಅಪ್ಪ ತಾವು ಮಾಡಿದ್ದನ್ನು ತಲೆಯೆತ್ತಿ ಬಹಳ ಹೊತ್ತು ನೋಡಿದರು.

"ದೇವದೂತ್ರೆಲ್ಲ ಬಿಜಿ ಇದ್ರಂತೆ ಕಣಮ್ಮ," ಅಂದರು. "ಅದಕ್ಕೇ ಈ ವರ್ಷ ಕೋಳಿನ ಕಳ್ಸವ್ರೆ."

ಯಾರೂ ನಗಲಿಲ್ಲ. ಹಾಡುವವರು ಹಾಡಿನ ಪುಸ್ತಕದಲ್ಲಿ ಕಣ್ಣಿಟ್ಟುಕೊಂಡು, ತುಟಿ ಬಿಗಿದುಕೊಂಡು ನಿಂತಿದ್ದರು. ಡೋಲಕ್ಕಿನವನ ಭುಜ ಮಾತ್ರ ಕುಣಿಯುತ್ತಿತ್ತು. ಕೊನೆಗೆ ಅಪ್ಪನೇ ನಕ್ಕರು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. ಅಪ್ಪಣೆ ಸಿಕ್ಕಿದ್ದೇ ತಡ, ಮನೆ ತುಂಬ ನಗು. ಶೀಲ ನೆಲದ ಮೇಲೆ ಉರುಳಿದಳು.

ದುಃಖದ ಮನೆಯಲ್ಲಿ ಮೊದಲ ನಗುವನ್ನು ಹೊರಗಿನವರು ಶುರುಮಾಡುವ ಹಾಗಿಲ್ಲ, ಮಕ್ಕಳಿಗೂ ಅದು ಭಾರ. ಯಾರಿಗೆ ಹೆಚ್ಚು ನೋವೋ ಅವರೇ ಬಾಗಿಲು ತೆಗೆಯಬೇಕು. ಹೋಗುವಾಗ ಗುಂಪು ಇನ್ನೊಂದು ಹಾಡು ಹೇಳಿತು, ಈ ಸಲ ಡೋಲಕ್ಕಿನ ಸಮೇತ.